ಮಗನಿಗೊಂದು ಕಾರು: ಕೊಳ್ಳುವ ಮುನ್ನ ಓದಿರಿ



ಹದಿಹರೆಯದ ಮಗನಿಗೆ ಸುರಕ್ಷಿತವೂ ಮನೆತನಕ್ಕೆ ಒಪ್ಪುವಂಥದ್ದೂ ಆದ ಕಾರನ್ನು ಆರಿಸಲು ಹೊರಟ ತಮಗೆ ಅಭಿನಂದನೆಗಳು. ಈ ಕೈಪಿಡಿಯನ್ನು ಕಾರು ಕೊಳ್ಳುವ ಮುಂಚೆ ಓದತಕ್ಕದ್ದು. ಅಡ್ವಾನ್ಸ್ ಕೊಟ್ಟು ಬಂದವರು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು. ಮಗ ಇದನ್ನು ಓದಬೇಕಾಗಿಲ್ಲ. ಅವನು ಯೂಟ್ಯೂಬ್ ನೋಡಿ ಮಾಡೆಲ್ಲು, ಬಣ್ಣ, ಅಲಾಯ್ ವೀಲು ಎಲ್ಲವನ್ನೂ ಮುಗಿಸಿದ್ದಾನೆ. ಬಾಕಿ ಇರುವುದು ನಿಮ್ಮ ಕಡೆಯಿಂದ ಬರಬೇಕಾದ ರೊಕ್ಕ ಮಾತ್ರ.

ಎಲ್ಲಿ ಬಳಸುವುದು

ಈ ಆವೃತ್ತಿಯನ್ನು ಕಲಘಟಗಿ ತಾಲೂಕಿನ ದೇವಿಕೊಪ್ಪ ಮತ್ತು ಸುತ್ತಲಿನ ಹಳ್ಳಿಗಳಿಗಾಗಿ ಸಿದ್ಧಪಡಿಸಲಾಗಿದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳದವರೂ ಬಳಸಬಹುದು. ಅಲ್ಲಿ ಕಾಡಿನ ಬದಲು ಎರೆಹೊಲ, ಅಷ್ಟು ತಿದ್ದಿಕೊಂಡರೆ ಸಾಕು. ಮಳೆ ಬಿದ್ದ ದಿನ ಹೊಲದ ದಾರಿ ಹಿಡಿದ ಕಾರನ್ನು ಹೊರಗೆಳೆಯಲು ಒಂದು ಜೋಡಿ ಎತ್ತನ್ನು ಮೊದಲೇ ಹೇಳಿಡುವುದು.

ನಮ್ಮ ಕಡೆಯ ದೊಡ್ಡ ರಸ್ತೆ ಎಂದರೆ ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ದಾಟಿ ಅಂಕೋಲೆಗೆ ಇಳಿಯುವ ಹೆದ್ದಾರಿ. ಜನರ ಬಾಯಲ್ಲಿ ಅದಿನ್ನೂ 63. ಸರ್ಕಾರದ ಕಾಗದದಲ್ಲಿ 52 ಆಗಿದೆ. ಪಂಜಾಬಿನ ಸಂಗ್ರೂರಿನಲ್ಲಿ ಶುರುವಾಗಿ ಕಡಲಿನ ಹತ್ತಿರ ಮುಗಿಯುವ ಈ ರಸ್ತೆಯಲ್ಲಿ ಬರುವ ಲಾರಿಯವನಿಗೆ ದೇವಿಕೊಪ್ಪ ಒಂದು ಬೋರ್ಡು ಅಷ್ಟೇ. ಆ ಬೋರ್ಡಿನ ಪಕ್ಕದ ಒಳದಾರಿಯಿಂದ ಗೋವಿನಜೋಳದ ಚೀಲ ಹೇರಿಕೊಂಡ ಟ್ರೇಲರ್ ಹೊರಬರುತ್ತದೆ ಎಂದು ಅವನಿಗೆ ಯಾರೂ ಹೇಳಿಲ್ಲ. ಬೇಲೆಕೇರಿ ಬಂದರಿಗೆ ಅದಿರು ಸಾಗುತ್ತಿದ್ದ ಕಾಲದಲ್ಲಿ ಈ ರಸ್ತೆಯ ಲಾರಿ ಸಾಲು ನೋಡಿದವರಿಗೆ ಈಗಿನದು ಏನೂ ಅಲ್ಲ ಅನ್ನಿಸಬಹುದು. ಆದರೆ ಅದಿರಿನ ಲಾರಿಗಳು ಒಂದರ ಹಿಂದೆ ಒಂದು ತೆವಳುತ್ತಿದ್ದವು. ಈಗ ರಸ್ತೆ ಖಾಲಿ ಸಿಗುತ್ತದೆ. ಹದಿನೇಳರ ಹುಡುಗನಿಗೆ ಖಾಲಿ ರಸ್ತೆಗಿಂತ ದೊಡ್ಡ ಅಪಾಯ ಇನ್ನೊಂದಿಲ್ಲ.

ಪೆಟ್ಟಿಗೆಯಲ್ಲಿ ಇರುವ ವಸ್ತುಗಳು

ಮಗ ಒಂದು. ಕಬ್ಬಿನ ಬಿಲ್ಲು ಒಂದು (ಬಂದಿರಬೇಕು, ಬರಲಿದೆ ಎನ್ನುವುದು ನಡೆಯುವುದಿಲ್ಲ). ಹುಬ್ಬಳ್ಳಿಯಲ್ಲಿ ಪರಿಚಯದ ಏಜೆಂಟ್ ಒಬ್ಬ. ಎಲ್ಲದಕ್ಕೂ ಬ್ಯಾಡ ಅನ್ನುವ ಅಜ್ಜಿ ಒಬ್ಬಳು. ಈ ಭಾಗ ಕಳೆದುಹೋಗದಂತೆ ಜೋಪಾನ ಮಾಡಿ, ಬೇರೆ ಸಿಗುವುದಿಲ್ಲ.

ಮೊದಲ ವಾಹನವನ್ನು ನೆನಪಿಸಿಕೊಳ್ಳಿ

ಈ ಮಗನಿಗೆ ನೀವು ಕೊಡಿಸಿದ ಮೊದಲ ವಾಹನ ಕಾರಲ್ಲ, ತೊಟ್ಟಿಲು. ಕಲಘಟಗಿಯ ತೊಟ್ಟಿಲು ಎಂದರೆ ಬೆಂಗಳೂರಿನ ಸಿನಿಮಾದವರೂ ಹೇಳಿ ಮಾಡಿಸುವಂಥದ್ದು. ನಟ ಅಂಬರೀಷ್ ತೀರಿಕೊಳ್ಳುವ ಮುಂಚೆ ಯಶ್ ಅವರ ಮಗುವಿಗೆಂದು ಇಲ್ಲಿಯ ತೊಟ್ಟಿಲಿಗೇ ಹೇಳಿಟ್ಟಿದ್ದರು. ತಾಲೂಕಿನವರು ತೊಟ್ಟಿಲು ಕೊಳ್ಳುವುದನ್ನು ಒಮ್ಮೆ ನಿಂತು ನೋಡಿ. ಕಟ್ಟಿಗೆ ಯಾವುದು ಎಂದು ಕೇಳುತ್ತಾರೆ. ಅರಗಿನ ಬಣ್ಣವನ್ನು ಉಗುರಿನಿಂದ ಗೀರಿ ಪರೀಕ್ಷಿಸುತ್ತಾರೆ, ಕೂಸು ಕಚ್ಚಿದರೆ ಬಣ್ಣ ಬಾಯಿಗೆ ಹೋದೀತೇ ಎಂದು. ಕೊಂಡಿ ಎಳೆದು, ಸರಪಳಿ ಜಗ್ಗಿ, ಖಾಲಿ ತೊಟ್ಟಿಲನ್ನು ತೂಗಿ, ಯಾವ ಮೂಲೆ ಕಿರುಗುಟ್ಟುತ್ತದೆ ಎಂದು ಕಿವಿಗೊಡುತ್ತಾರೆ. ಗಂಟೆಗೆ ಒಂದು ಮೈಲಿಯೂ ಹೋಗದ, ಇದ್ದಲ್ಲೇ ತೂಗುವ ವಾಹನಕ್ಕೆ ಇಷ್ಟು ತಪಾಸಣೆ. ಅದೇ ಮನೆಯವರು ಗಂಟೆಗೆ ನೂರು ಕಿಲೋಮೀಟರ್ ಹೋಗುವ ವಾಹನ ಕೊಳ್ಳುವಾಗ ಬಾಗಿಲು ತೆರೆದು, ಮುಚ್ಚಿ, ‘ಸೌಂಡ್ ಚಲೋ ಐತಿ’ ಅಂದುಬಿಡುತ್ತಾರೆ. ಸೌಂಡ್ ಎಂದರೆ ಬಾಗಿಲಿನದೂ ಅಲ್ಲ, ಹಾಡಿನದು.

ಚಾಲಕನ ಪೂರ್ವಾನುಭವ

ಇಲ್ಲಿ ಸ್ವಲ್ಪ ನಿಲ್ಲಬೇಕು. ಏಕೆಂದರೆ ಊರಿನಲ್ಲಿ ಯಾರನ್ನು ಕೇಳಿದರೂ ಉತ್ತರ ಒಂದೇ: ‘ಏ, ಅವಗ ಎಲ್ಲಾ ಬರ್ತೈತ್ರಿ. ಸಾಲಿಗೆ ಹೋಗೂ ಮುಂದನ ಟ್ರ್ಯಾಕ್ಟರ್ ಹೊಡೀತಿದ್ದ.’

ಸುಳ್ಳಲ್ಲ. ಅಪ್ಪನ ತೊಡೆಯ ಮೇಲೆ ಕೂತು ಸ್ಟೇರಿಂಗ್ ಹಿಡಿದ. ಕಾಲು ಕ್ಲಚ್ಚಿಗೆ ಮುಟ್ಟಿದ ವರ್ಷ ಗದ್ದೆಗಿಳಿದ. ಜಾತ್ರೆಯಲ್ಲಿ ಟ್ರೇಲರ್ ಸಮೇತ ಟ್ರ್ಯಾಕ್ಟರ್ ರಿವರ್ಸ್ ಹೊಡೆಯುವ ಸ್ಪರ್ಧೆಯಲ್ಲಿ ಬಹುಮಾನವೂ ಬಂದಿರಬಹುದು. ಟ್ರೇಲರ್ ಕಟ್ಟಿಕೊಂಡು ಹಿಂದಕ್ಕೆ ಹೋಗುವುದು ಎಂಥ ವಿದ್ಯೆ ಎಂದು ಹೊಡೆದವರಿಗೇ ಗೊತ್ತು: ಸ್ಟೇರಿಂಗ್ ಎಡಕ್ಕೆ ತಿರುವಿದರೆ ಟ್ರೇಲರ್ ಬಲಕ್ಕೆ ಹೋಗುತ್ತದೆ. ಹುಬ್ಬಳ್ಳಿಯ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತ ಯಾವನಿಗೂ ಇದು ಬರುವುದಿಲ್ಲ. ಹುಡುಗನ ಕೈಯಲ್ಲಿ ವಿದ್ಯೆ ಇದೆ ಎಂಬುದರಲ್ಲಿ ಅನುಮಾನ ಬೇಡ.

ಆದರೆ ಟ್ರ್ಯಾಕ್ಟರ್ ಅವನಿಗೆ ಏನು ಕಲಿಸಿದೆ ಎಂದು ಬಿಡಿಸಿ ನೋಡೋಣ. ಎತ್ತರದಲ್ಲಿ ಕೂರಿಸಿ, ಬೇಲಿಯ ಆಚೆಯದನ್ನೂ ತೋರಿಸಿದೆ. ಉಳುವಾಗ ಮೂಲೆಯಲ್ಲಿ ಹೊರಳಲು ಬೇಕೆಂದು ಎಡಗಡೆಯ ಗಾಲಿಗೊಂದು, ಬಲಗಡೆಯ ಗಾಲಿಗೊಂದು ಬ್ರೇಕ್ ಪೆಡಲ್ ಕೊಟ್ಟಿದೆ. ರಸ್ತೆಗೆ ಬಂದಾಗ ಎರಡನ್ನೂ ಕೂಡಿಸಿ ಕೊಂಡಿ ಹಾಕಬೇಕು, ಹೆಚ್ಚಿನವರು ಹಾಕುವುದಿಲ್ಲ. ಎದುರಿಗೆ ಬಂದವರೇ ಪಕ್ಕಕ್ಕೆ ಸರಿಯುತ್ತಾರೆ ಎಂಬ ನಂಬಿಕೆ ಬೆಳೆಸಿದೆ. ಎಲ್ಲಕ್ಕಿಂತ ಹೆಚ್ಚಾಗಿ, ತಪ್ಪಿಗೆ ವೇಳೆ ಕೊಟ್ಟಿದೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ವಾಹನ ಸೆಕೆಂಡಿಗೆ ಎಂಟು ಮೀಟರಿನಷ್ಟು ಹೋಗುತ್ತದೆ. ಎಮ್ಮೆ ಅಡ್ಡ ಬಂತು ಎಂದು ಕಣ್ಣು ಕಂಡು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಕಳೆದರೂ ಎಂಟು ಮೀಟರ್, ನಿಲ್ಲಲು ಇನ್ನೊಂದೈದಾರು. ಎಮ್ಮೆ ಉಳಿಯಿತು, ಎಮ್ಮೆಯವರ ಬೈಗುಳ ಸಿಕ್ಕಿತು, ಮುಗಿಯಿತು.

ಅದೇ ಹುಡುಗ, ಅದೇ ಕಣ್ಣು, ಅದೇ ಕಾಲು ಕಾರಿನಲ್ಲಿ 90ರಲ್ಲಿ ಹೊರಟಿತೆನ್ನಿ. ಸೆಕೆಂಡಿಗೆ 25 ಮೀಟರ್. ಕಾಲು ಬ್ರೇಕ್ ಮುಟ್ಟುವ ಮುಂಚೆಯೇ 25 ಮೀಟರ್ ಕಳೆದುಹೋಯಿತು. ಆಮೇಲೆ ಒಣ ಡಾಂಬರಿನ ಮೇಲೆ ಒಳ್ಳೆಯ ಟಾಯರ್ ಇದ್ದರೂ ನಿಲ್ಲಲು ಮತ್ತೊಂದು 45 ಮೀಟರ್ ಬೇಕು. ವೇಗ ಮೂರು ಪಟ್ಟಾದರೆ ಪೆಟ್ಟಿನ ಶಕ್ತಿ ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ಪಿಯುಸಿ ಫಿಸಿಕ್ಸಿನ ಪುಸ್ತಕದಲ್ಲಿ ಮಗನೇ ಇದನ್ನು ಓದಿ ಅಂಕ ತೆಗೆದುಕೊಂಡಿದ್ದಾನೆ. ಡಿಪ್ಪರ್ ಹಾಕಿದ ಹೆಡ್‌ಲೈಟು ಆ 70 ಮೀಟರ್ ದೂರವನ್ನು ಪೂರ್ತಿ ತೋರಿಸುವುದೇ ಇಲ್ಲ. ಕಬ್ಬಿನ ಸುಗ್ಗಿಯಲ್ಲಿ ಹಳಿಯಾಳದ ಸಕ್ಕರೆ ಕಾರ್ಖಾನೆಯ ಕಡೆ ರಾತ್ರಿಯೆಲ್ಲ ಟ್ರ್ಯಾಕ್ಟರ್ ಹೋಗುತ್ತವೆ, ಒಂದೊಂದಕ್ಕೆ ಎರಡೆರಡು ಟ್ರೇಲರ್. ಹಿಂದೆ ರಿಫ್ಲೆಕ್ಟರ್ ಇದ್ದರೂ ಜೋತುಬಿದ್ದ ಕಬ್ಬಿನ ಸೋಗೆ ಅದನ್ನು ಮುಚ್ಚಿರುತ್ತದೆ. ಅಂಥ ಟ್ರೇಲರನ್ನು ಹಗಲೆಲ್ಲ ಹೊಡೆದ ಹುಡುಗನೇ ರಾತ್ರಿ ಕಾರಿನಲ್ಲಿ ಅದರ ಹಿಂದೆ ಬರುತ್ತಾನೆ, ಮತ್ತು ಅವನಿಗೆ ಅದು ಕಾಣುವುದಿಲ್ಲ. ಏನೂ ಬರದವನು ಹೆದರಿ ಮೆಲ್ಲಗೆ ಹೋಗುತ್ತಾನೆ. ನಮ್ಮ ಹುಡುಗನಿಗೆ ಹೆದರಿಕೆ ಗದ್ದೆಯಲ್ಲೇ ಹೋಗಿಬಿಟ್ಟಿದೆ. ಹಾಗಾಗಿ, ಟ್ರ್ಯಾಕ್ಟರ್ ಬರುತ್ತದೆ ಎಂಬುದನ್ನು ಈ ಕೈಪಿಡಿ ಅರ್ಹತೆಯ ಪಟ್ಟಿಯಲ್ಲಿ ಅಲ್ಲ, ಎಚ್ಚರಿಕೆಯ ಪಟ್ಟಿಯಲ್ಲಿ ಸೇರಿಸಿದೆ.

ಹೊಂದಾಣಿಕೆಯ ವಯಸ್ಸು

ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಕಾರಿಗೆ 18 ವರ್ಷ. ಹದಿನಾರಕ್ಕೆ 50 ಸಿಸಿ ಮೀರದ ದ್ವಿಚಕ್ರ ಓಡಿಸಬಹುದು ಎಂದು ಕಾಯ್ದೆ ಉದಾರವಾಗಿ ಹೇಳುತ್ತದೆ. ಲೂನಾ ಇದ್ದ ಕಾಲದ ಮಾತು ಅದು. ಹೊಲಕ್ಕೆ ಗೊಬ್ಬರದ ಚೀಲ ಒಯ್ಯುವ ನಿಮ್ಮ ಟಿವಿಎಸ್ ಎಕ್ಸ್‌ಎಲ್ ನೂರು ಸಿಸಿ ಹತ್ತಿರದ್ದು, ಅದೂ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು 2019ರ ತಿದ್ದುಪಡಿಯಲ್ಲಿ 199ಎ ಎಂಬ ಕಲಂ ಬಂದಿದೆ. ಇದನ್ನು ಗಟ್ಟಿಯಾಗಿ ಓದಿ, ಅಜ್ಜಿಗೂ ಕೇಳಲಿ. ಹದಿನೆಂಟು ತುಂಬದವನು ಗಾಡಿ ಹೊಡೆದು ಸಿಕ್ಕಿಬಿದ್ದರೆ ತಪ್ಪಿತಸ್ಥರು ಪೋಷಕರು ಅಥವಾ ಗಾಡಿಯ ಮಾಲೀಕರು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸನ್ಸ್ ಇಲ್ಲ. ನನಗೆ ಗೊತ್ತಿರಲಿಲ್ಲ ಎಂದು ಅಪ್ಪ ವಾದಿಸಬಹುದು. ಆದರೆ ಗೊತ್ತಿರಲಿಲ್ಲ ಎಂದು ಸಾಬೀತು ಮಾಡಬೇಕಾದವರೂ ಅಪ್ಪನೇ. ಇನ್‌ಸ್ಟಾಗ್ರಾಂ ರೀಲಿನಲ್ಲಿ ಮಗ ಸ್ಟೇರಿಂಗ್ ಹಿಡಿದು, ಪಕ್ಕದಲ್ಲಿ ನೀವು ಮೀಸೆ ತಿರುವುತ್ತ ಕೂತಿದ್ದರೆ ಆ ವಾದ ಹೆಚ್ಚು ದೂರ ಹೋಗದು.

‘ದಂಡ ತಾನೇ, ಕಟ್ಟಿದರಾಯ್ತು’ ಎನ್ನುವವರಿಗೆ ಇನ್ನೊಂದು ವಿಷಯ. ಲೈಸನ್ಸ್ ಇಲ್ಲದವನ ಕೈಯಲ್ಲಿ ಗಾಡಿ ಯಾರಿಗಾದರೂ ಬಡಿದರೆ ವಿಮಾ ಕಂಪನಿ ಪೆಟ್ಟುತಿಂದವರಿಗೆ ಪರಿಹಾರ ಕೊಟ್ಟರೂ ಆ ರೊಕ್ಕವನ್ನು ಮಾಲೀಕನಿಂದ ವಸೂಲಿ ಮಾಡಬಹುದು. ಕಬ್ಬಿನ ಒಂದು ಬಿಲ್ಲಿಗೆ ತೀರುವ ಲೆಕ್ಕ ಅದಲ್ಲ. ಹೊಲದ ಉತಾರ ಕೈಗೆ ತೆಗೆದುಕೊಳ್ಳಬೇಕಾಗುತ್ತದೆ.

ದೊಡ್ಡವರ ಮಕ್ಕಳಿಗೆ ಬೇರೆ ನಿಯಮವೇ ಎಂದು ಕೇಳುವ ಗ್ರಾಹಕರಿದ್ದಾರೆ. 2024ರ ಮೇ 19ರಂದು ಪುಣೆಯಲ್ಲಿ ಹದಿನೇಳರ ಹುಡುಗ ಓಡಿಸುತ್ತಿದ್ದನೆನ್ನಲಾದ ಪೋರ್ಷೆ ಕಾರು ಬೈಕಿಗೆ ಬಡಿದು ಇಬ್ಬರು ಐಟಿ ಉದ್ಯೋಗಿಗಳು ಸತ್ತರು. ಬಾಲ ನ್ಯಾಯ ಮಂಡಳಿ ಮೊದಲು ಕೊಟ್ಟ ಜಾಮೀನಿನ ಷರತ್ತುಗಳಲ್ಲಿ ರಸ್ತೆ ಅಪಘಾತದ ಬಗ್ಗೆ 300 ಪದಗಳ ಪ್ರಬಂಧ ಬರೆಯುವುದೂ ಒಂದಾಗಿತ್ತು. ದೇಶವೆಲ್ಲ ಸಿಡಿದೆದ್ದ ಮೇಲೆ ಆದೇಶ ಬದಲಾಯಿತು, ಅಪ್ಪನ ಬಂಧನವೂ ಆಯಿತು. ಈ ಕೈಪಿಡಿ 300 ಪದ ಯಾವಾಗಲೋ ದಾಟಿದೆ ಎಂಬುದನ್ನು ಗ್ರಾಹಕರು ಗಮನಿಸಬೇಕು.

ಆಯ್ಕೆ

ಮಗನಿಗೆ 18 ತುಂಬಿತು, ಎಲ್‌ಎಲ್ ಬಂತು, ಮೂವತ್ತು ದಿನ ಕಳೆದು ಪರೀಕ್ಷೆ ಕೊಟ್ಟು ಡಿಎಲ್ಲೂ ಬಂತು ಎಂದುಕೊಳ್ಳೋಣ. ಈಗ ಕಾರು.

ಏಜೆಂಟ್ ಹೇಳುವುದು: ‘ಸಾವ್ಕಾರ್ರ, ಸಿಂಗಲ್ ಓನರ್, ಡಾಕ್ಟರ್ ಗಾಡಿ, ದವಾಖಾನಿಗೆ ಬಿಟ್ರ ಎಲ್ಲಿಗೂ ಹೋಗಿಲ್ಲ.’ ಹುಬ್ಬಳ್ಳಿಯಲ್ಲಿ ಮಾರಾಟಕ್ಕಿರುವ ಸೆಕೆಂಡ್ ಹ್ಯಾಂಡ್ ಕಾರುಗಳೆಲ್ಲ ಡಾಕ್ಟರುಗಳವೇ ಆಗಿದ್ದರೆ ಇಷ್ಟೊತ್ತಿಗೆ ಜಿಲ್ಲೆಯಲ್ಲಿ ಜ್ವರವೇ ಇರುತ್ತಿರಲಿಲ್ಲ. ಅದಿರಲಿ. ಕಿಲೋಮೀಟರ್ ಮೀಟರನ್ನು ನೋಡಬೇಡಿ, ಅದನ್ನು ಹಿಂದಕ್ಕೆ ತಿರುಗಿಸಬಹುದು. ಬ್ರೇಕ್ ಪೆಡಲಿನ ರಬ್ಬರ್ ನೋಡಿ: ಮೂವತ್ತು ಸಾವಿರ ಓಡಿದೆ ಎನ್ನುವ ಗಾಡಿಯ ರಬ್ಬರ್ ಬೋಳಾಗಿದ್ದರೆ ಡಾಕ್ಟರಿಗೆ ಕಾಲು ನಾಲ್ಕಿದ್ದಿರಬೇಕು. ಟಾಯರಿನ ಪಕ್ಕದಲ್ಲಿ ಒಂದು ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 2316 ಎಂದಿದ್ದರೆ 2016ರ ಇಪ್ಪತ್ತಮೂರನೇ ವಾರದಲ್ಲಿ ತಯಾರಾದ ಟಾಯರ್. ಹೊಳಪಿನ ಎಣ್ಣೆ ಹಚ್ಚಿ ಕರ್ರಗೆ ಮಾಡಿ ನಿಲ್ಲಿಸಿರುತ್ತಾರೆ. ಕುಕ್ಕರಗಾಲಲ್ಲಿ ಕೂತು ಅಂಕಿ ಓದುವ ಗಿರಾಕಿಯನ್ನು ಕಂಡ ಕೂಡಲೇ ಏಜೆಂಟನ ದನಿ ಇಳಿಯುತ್ತದೆ. ಅಷ್ಟಕ್ಕಾದರೂ ಕೂರುವುದು ಒಳ್ಳೆಯದು.

ಆರ್‌ಸಿಯಲ್ಲಿ ಗಾಡಿ ತಯಾರಾದ ತಿಂಗಳು, ವರ್ಷ ಇರುತ್ತದೆ. ಬಣ್ಣಕ್ಕಿಂತ, ಫ್ಯಾನ್ಸಿ ನಂಬರಿಗಿಂತ, ಅದು ಕೆಎ 25ರದ್ದೋ 63ರದ್ದೋ ಎಂಬುದಕ್ಕಿಂತ ಮುಖ್ಯವಾದದ್ದು ಅದು. ಡ್ರೈವರ್ ಕಡೆಯ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈ 1ರಿಂದ. ಬ್ರೇಕ್ ಒತ್ತಿದಾಗ ಗಾಲಿ ಕಚ್ಚಿ ಜಾರದಂತೆ ತಡೆಯುವ ಎಬಿಎಸ್ ಅದೇ ವರ್ಷದ ಏಪ್ರಿಲ್‌ನಿಂದ. ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲ ಕಾರುಗಳಿಗೆ ಬಂದದ್ದು 2021 ಮುಗಿಯುವಾಗ. ಅದಕ್ಕೂ ಹಿಂದಿನ ಕಡಿಮೆ ದರದ ಮಾಡೆಲ್ಲುಗಳಲ್ಲಿ ಇವೆಲ್ಲ ಇರಲಿಕ್ಕಿಲ್ಲ. 2014ರಲ್ಲಿ ಕಾರುಗಳನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್‌ನವರು ಭಾರತದ ಐದು ಸಣ್ಣ ಕಾರುಗಳನ್ನು, ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊಗಳನ್ನು, ಏರ್‌ಬ್ಯಾಗ್ ಇಲ್ಲದ ಮಾಡೆಲ್ಲಿನಲ್ಲಿ ಗಂಟೆಗೆ 64 ಕಿಲೋಮೀಟರಿನಲ್ಲಿ ಅಡ್ಡಗಟ್ಟೆಗೆ ಗುದ್ದಿಸಿದರು. ಐದಕ್ಕೂ ಬಂದದ್ದು ಸೊನ್ನೆ ಸ್ಟಾರ್. 2018ರ ಡಿಸೆಂಬರಿನಲ್ಲಿ ನೆಕ್ಸಾನ್ ಐದು ಸ್ಟಾರ್ ತಂದಿತು, ಭಾರತದಲ್ಲಿ ಮೊದಲ ಸಲ. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. ಸ್ಟಾರ್ ನೋಡಿ ಕೊಳ್ಳಿ, ನೋಡಿದ ಮೇಲೆ 64 ಎಂಬ ಅಂಕಿಯನ್ನೂ ನೆನಪಿಡಿ. ಐದು ಸ್ಟಾರ್ ಕೊಟ್ಟದ್ದು ಆ ವೇಗದ ಗುದ್ದಿಗೆ. ನೂರಾ ಹತ್ತರಲ್ಲಿ ಅರಣ್ಯ ಇಲಾಖೆಯ ಸಾಗವಾನಿ ಮರಕ್ಕೆ ಗುದ್ದಿದರೆ ಏನಾಗುತ್ತದೆ ಎಂದು ಯಾವ ಸ್ಟಾರೂ ಹೇಳುವುದಿಲ್ಲ.

ಓಮ್ನಿ ಬೇಡ. ತಯಾರಿಕೆ ನಿಂತು ವರ್ಷಗಳಾದರೂ ನಮ್ಮ ಕಡೆ ಇನ್ನೂ ಓಡುತ್ತದೆ. ಸೋವಿ, ಚೀಲ ಹಾಕಬಹುದು, ಮದುವೆಗೆ ಹತ್ತು ಜನ ತುಂಬಬಹುದು. ಆದರೆ ಅದಕ್ಕೆ ಮೂತಿಯಿಲ್ಲ. ಮೂತಿಯಿಲ್ಲದ ಗಾಡಿಯಲ್ಲಿ ಎಲ್ಲಕ್ಕಿಂತ ಮುಂದೆ ಇರುವುದು ಹುಡುಗನ ಮೊಣಕಾಲು.

ಅಲಂಕಾರ ಮತ್ತು ಪೂಜೆ

ಕಾರು ಬಂತು. ತಂಬೂರಿನ ಬಸವಣ್ಣನ ಗುಡಿಗೆ ಒಯ್ದು, ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು ಇಟ್ಟು, ಕಾಯಿ ಒಡೆದು ಪೂಜೆ ಮಾಡಿಸಿರಿ, ಅಭ್ಯಂತರವಿಲ್ಲ. ಆಮೇಲೆ ದೇವರನ್ನು ಎಲ್ಲಿ ಕೂರಿಸುವಿರಿ ಎಂಬುದು ಪ್ರಶ್ನೆ. ಸ್ಟೇರಿಂಗಿನ ಎಡಕ್ಕೆ, ಡ್ಯಾಶ್‌ಬೋರ್ಡಿನ ಮೇಲೆ ಏರ್‌ಬ್ಯಾಗ್ ಎಂದು ಕೊರೆದಿರುವ ಜಾಗ ನುಣ್ಣಗೆ, ವಿಶಾಲವಾಗಿದೆ, ಸಿದ್ಧಾರೂಢಜ್ಜನನ್ನು ಕೂರಿಸಲು ಹೇಳಿ ಮಾಡಿಸಿದಂತಿದೆ. ಅಲ್ಲಿ ಅಂಟಿಸಬೇಡಿ. ಗುದ್ದಿದಾಗ ಆ ಮುಚ್ಚಳ ಕಣ್ಣೆವೆ ಬಡಿಯುವುದರೊಳಗೆ ಸಿಡಿದು ತೆರೆಯುತ್ತದೆ, ಮತ್ತು ಅದರ ಮೇಲಿರುವುದೆಲ್ಲ ಪಕ್ಕದಲ್ಲಿ ಕೂತವರ ಮುಖಕ್ಕೆ ಬರುತ್ತದೆ. ಅಜ್ಜನನ್ನು ಮನೆಯ ಜಗಲಿಯ ಮೇಲೆಯೇ ಇರಿಸಿ ಪೂಜಿಸಿದರೆ ಅವನೇನೂ ತಪ್ಪು ತಿಳಿಯುವುದಿಲ್ಲ.

ಮುಂದೆ ಕಬ್ಬಿಣದ ಬಂಪರ್ ಗಾರ್ಡ್ ಬೇಕೆಂದು ಮಗ ಹಟ ಹಿಡಿಯುತ್ತಾನೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು ಹಾಕುವಂತಿಲ್ಲ ಎಂದು ರಾಜ್ಯಗಳಿಗೆ ಬರೆದಿದೆ. ಅದು ಪೆಟ್ಟನ್ನು ತಡೆಯುವುದಿಲ್ಲ, ನೇರ ಚಾಸಿಗೆ ದಾಟಿಸುತ್ತದೆ; ಏರ್‌ಬ್ಯಾಗಿಗೆ ಸುದ್ದಿ ಮುಟ್ಟಿಸುವ ಸೆನ್ಸರನ್ನೂ ದಾರಿ ತಪ್ಪಿಸಬಹುದು. ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಇರುವ ಗಾಡಿಗೆ ಬಿಗಿಯಾದ ರೆಕ್ಸಿನ್ ಕವರ್ ಹೊಲಿಸಿದರೆ ಆ ಏರ್‌ಬ್ಯಾಗ್ ಹೊರಬರುವ ದಾರಿಗೂ ಹೊಲಿಗೆ ಬಿದ್ದಂತೆಯೇ. ಕಿಟಕಿಗೆ ಕಪ್ಪು ಫಿಲಂ ಅಂಟಿಸುವುದನ್ನು ಸುಪ್ರೀಂ ಕೋರ್ಟ್ 2012ರಲ್ಲೇ ನಿಲ್ಲಿಸಿದೆ. ಹಾಡಿನ ಡಬ್ಬಿ ಒಂದು ಸಾಕು. ಟ್ರ್ಯಾಕ್ಟರಿನಲ್ಲಿದ್ದಷ್ಟು ಬೇಡ.

ಸೀಟ್ ಬೆಲ್ಟಿನ ಬಗ್ಗೆ ಪ್ರತ್ಯೇಕ ಭಾಗ ಬರೆಯುವ ಯೋಚನೆಯಿತ್ತು. ಬೇಡವೆನಿಸಿತು. ಬೆಲ್ಟ್ ಹಾಕದಿದ್ದರೆ ಕಾರು ಕಿರುಚುತ್ತದೆ, ಆ ಬಾಯಿ ಮುಚ್ಚಿಸಲು ಬರೀ ಕೊಂಡಿಯನ್ನಷ್ಟೇ ಮಾರುವ ಅಂಗಡಿಗಳಿವೆ, ಅದನ್ನು ಕೊಂಡವರು ಅಪ್ಪಂದಿರೇ. 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಹತ್ತಿರ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡದ್ದು ಮರ್ಸಿಡಿಸ್ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟ್ ಇಲ್ಲದೆ. ಹಿಂದಿನ ಸೀಟಿನ ಬೆಲ್ಟ್‌ಗಳನ್ನು ಕವರಿನ ಕೆಳಗೆ ಹುಗಿದಿಟ್ಟವರು ಇವತ್ತೇ ಹೊರತೆಗೆಯಿರಿ.

ಪರ್ಯಾಯ ಮಾದರಿ

ಹದಿನೆಂಟಕ್ಕೆ ಇನ್ನೂ ತಿಂಗಳುಗಳಿದ್ದರೆ ಒಂದು ಸಿದ್ಧ ವಾಹನ ಲಭ್ಯವಿದೆ. ತೂಕ ಹಲವು ಟನ್. ಎದುರಿಗೆ ಬರುವವರೇ ದಾರಿ ಬಿಡುತ್ತಾರೆ. ಚಾಲಕನಿಗೆ ಹೆವಿ ಲೈಸನ್ಸ್ ಇದೆ, ಅವನ ಜೊತೆಗೆ ಸೀಟಿ ಊದಲು ಇನ್ನೊಬ್ಬನಿದ್ದಾನೆ. ಡೀಸೆಲ್, ಇನ್ಶೂರೆನ್ಸ್, ರಿಪೇರಿ ಎಲ್ಲ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯದು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಮಗಳಿಗೆ ಟಿಕೆಟ್ಟಿನ ರೊಕ್ಕವೂ ಇಲ್ಲ; ಮಗನಿಗೆ ವಿದ್ಯಾರ್ಥಿ ಪಾಸ್ ಇದೆ.

ದೋಷ: ಬೆಳಿಗ್ಗೆ ಬಸ್ಸು ತುಂಬಿರುತ್ತದೆ, ಬಾಗಿಲಿಗೆ ಜೋತುಬೀಳುತ್ತಾರೆ, ಕೆಲವು ದಿನ ನಿಲ್ಲಿಸುವುದೇ ಇಲ್ಲ. ಈ ದೂರು ನಿಜ. ಹುಡುಗರು ಅಪ್ಪನ ಸ್ಪ್ಲೆಂಡರಿನಲ್ಲಿ ಮೂವರು ಕೂತು ಕಲಘಟಗಿಯ ಕಾಲೇಜಿಗೆ ಹೋಗುವುದಕ್ಕೆ ಷೋಕಿ ಎಷ್ಟು ಕಾರಣವೋ ಬಸ್ಸಿನ ಕೊರತೆಯೂ ಅಷ್ಟೇ ಕಾರಣ. ಕಾರಿಗಾಗಿ ಏಜೆಂಟನ ಹಿಂದೆ ಅಲೆದಷ್ಟು ಸಲ ಊರವರೆಲ್ಲ ಕೂಡಿ ಡಿಪೊ ಮ್ಯಾನೇಜರನ ಹಿಂದೆ ಅಲೆದಿದ್ದರೆ ಬೆಳಿಗ್ಗೆ ಇನ್ನೊಂದು ಬಸ್ಸು ಬರುತ್ತಿತ್ತೋ ಏನೋ. ಆದರೆ ಬಸ್ಸಿನ ಮುಂದೆ ನಿಂತು ರೀಲ್ ಮಾಡಿದರೆ ಯಾರೂ ನೋಡುವುದಿಲ್ಲ.

ತೊಂದರೆ ಮತ್ತು ಪರಿಹಾರ

ಮಗ ‘ಬರೇ ಪೆಟ್ರೋಲ್ ಬಂಕ್ ಮಟ ಹೋಗಿ ಬರ್ತೇನಿ’ ಅನ್ನುತ್ತಾನೆ: ಟ್ಯಾಂಕ್ ಯಾವಾಗಲೂ ತುಂಬಿಸಿಡಿ.

ಮದುವೆಯ ದಿನ ಸೋದರಮಾವ ಬಂದು ‘ಹುಡುಗ ಹೊಡೀಲಿ ಬಿಡ್ರಿ ಮಾವಾರ, ನಾ ಬಾಜೂಕ ಕುಂದರತೇನಿ’ ಅನ್ನುತ್ತಾನೆ: ಮಾವ ಊಟದ ಪಂಕ್ತಿಗಿಂತ ಮುಂಚೆ ಎಲ್ಲಿಗೆ ಹೋಗಿ ಬಂದಿದ್ದಾನೆ ಎಂದು ವಾಸನೆ ನೋಡಿ.

ಮಗಳೂ ಕಲಿಯುತ್ತೇನೆ ಅನ್ನುತ್ತಾಳೆ: ಕಲಿಸಿ. ಈ ಕೈಪಿಡಿಯನ್ನು ಮಗನ ಹೆಸರಿನಲ್ಲಿ ಬರೆದದ್ದು ಕೀ ಕೇಳುವವನು ಅವನೇ ಎಂಬ ಕಾರಣಕ್ಕೆ, ಕಾಯ್ದೆಯಲ್ಲಿ ಹಾಗಿದೆ ಎಂದಲ್ಲ. ಡಿಎಲ್ ಬರುವ ಮುಂಚೆ ಒಮ್ಮೆಯೂ ಟ್ರ್ಯಾಕ್ಟರ್ ಹತ್ತದಿದ್ದುದು ಅವಳಿಗೆ ಅನುಕೂಲವೇ.

ಅಪ್ಪನೇ ಫೋನಿನಲ್ಲಿ ಮಾತಾಡುತ್ತ ಹೊಡೆಯುತ್ತಾನೆ: ಈ ದೋಷ ತಯಾರಿಕೆಯದು, ಬಿಡಿಭಾಗ ಬದಲಿಸಿ ಸರಿಪಡಿಸಲಾಗದು. ಅಜ್ಜಿಗೆ ತಿಳಿಸಿ.

ಬಳಸದಿರುವಾಗ ಇಡುವ ವಿಧಾನ

ಅಡ್ವಾನ್ಸ್ ಕೊಟ್ಟುಬಿಟ್ಟು ಈ ಭಾಗಕ್ಕೆ ಜಿಗಿದು ಬಂದವರಿಗೆ ಸ್ವಾಗತ. ಮಗನಿಗೆ 18 ಆಗುವವರೆಗೆ ಕಾರನ್ನು ದನದ ಕೊಟ್ಟಿಗೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಬಹುದು. ಬಾನೆಟ್ಟಿನೊಳಗೆ ಇಲಿ ಸೇರಿ ವೈರ್ ಕಡಿಯುತ್ತವೆ, ಹೊಗೆಸೊಪ್ಪಿನ ಪುಡಿ ಕಟ್ಟಿಡಿ. ಮೇಲೆ ತಾಡಪತ್ರಿ ಹೊದಿಸಿದರೆ ಅದರಡಿ ಕೋಳಿ ಮೊಟ್ಟೆ ಇಡುವುದು ಗ್ಯಾರಂಟಿ, ಅದಕ್ಕೆ ಕಂಪನಿ ಜವಾಬ್ದಾರಿಯಲ್ಲ. ಬ್ಯಾಟರಿ ಇಳಿಯದಂತೆ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಹತ್ತು-ಹದಿನೈದು ನಿಮಿಷ ಇಂಜಿನ್ ಆಡಿಸಬೇಕು. ಕೀಯನ್ನು ಅಜ್ಜಿಯ ಎಲೆ-ಅಡಿಕೆ ಚೀಲದಲ್ಲಿ ಇಡಿ. ಆ ಚೀಲಕ್ಕೆ ಕೈ ಹಾಕುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ. ಸ್ಟಾರ್ಟ್ ಮಾಡುವ ಕೆಲಸವನ್ನು ಮಾತ್ರ ಮಗನಿಗೆ ಹೇಳಬೇಡಿ. ಹೇಗೂ ಸ್ಟಾರ್ಟ್ ಆಗೇತಲ್ಲ, ಅಗಸಿ ಮಟ ಒಂದ್ ರೌಂಡ್ ಹೊಡದ್ ಬರ್ತೇನಿ ಅಂತಾನೆ.